ಅಗ್ಗದ ಔಷಧದ ಪಕ್ಕದಲ್ಲಿ

ಗುನ್ವೋರ್ ಹತ್ತೊಂಬತ್ತು ವರ್ಷ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದಿದ್ದಳು. ರೋಗಿಯ ಮಂಚದ ಪಕ್ಕ ಕೂತದ್ದು ಮಾತ್ರ ಅದೇ ಮೊದಲು. ರಕ್ತದೊತ್ತಡ ಏಕಾಏಕಿ ಏರಿ ಬಂದವರಿಗೆ ಕೊಡುವ ಎರಡು ಔಷಧಗಳಲ್ಲಿ ಯಾವುದು ಕಡಿಮೆ ಖರ್ಚಿನದೆಂದು ಅವಳು ವರದಿ ಬರೆಯಬೇಕಿತ್ತು. ಹಳೆಯದು ಶೀಷೆಗೆ ತೊಂಬತ್ತು ಕ್ರೋನರ್, ಹೊಸದು ಎಂಟುನೂರು. ಶೀಷೆಯ ಬೆಲೆ ನೋಡಿದರೆ ಸಾಲದು, ನರ್ಸುಗಳ ಹೊತ್ತನ್ನೂ ಅಳೆಯಬೇಕೆಂದು ಅವಳೇ ಹಟ ಹಿಡಿದಿದ್ದಳು. ಹಾಗಾಗಿ ಆ ಬೆಳಿಗ್ಗೆ ಗಡಿಯಾರ ಹಿಡಿದು ತೀವ್ರ ನಿಗಾ ಘಟಕಕ್ಕೆ ಬಂದಿದ್ದಳು.

ಮಂಚದ ಮೇಲಿದ್ದವನು ಓಡ್ಮುಂಡ್, ಮೀನುದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಒತ್ತಡ ಇನ್ನೂರ ಮೂವತ್ತೆರಡು. ತಲೆ ಸಿಡಿಯುತ್ತಿದ್ದರೂ ಬಾಯಿ ಸುಮ್ಮನಿರಲಿಲ್ಲ.

“ಖರ್ಚಿನ ಲೆಕ್ಕ ಬರೆಯೋಳು ನೀನೇನಾ? ನಂಗೆ ಹಾಕಿರೋದು ಅಗ್ಗದ್ದೋ, ದುಬಾರಿದೋ?”

“ಅಗ್ಗದ್ದು,” ಎಂದುಬಿಟ್ಟಳು ಗುನ್ವೋರ್. ಸುಳ್ಳು ತೋಚಲಿಲ್ಲ.

“ನನ್ನ ಹೆಂಡತಿ ಕಿವಿಗೆ ಹಾಕ್ಬೇಡ. ಅದೂ ದಂಡ ಅಂತಾಳೆ.”

“ನೀನು ಬಾಯಿ ಮುಚ್ಚಿದ್ರೆ ಔಷಧನೇ ಬೇಕಾಗಲ್ಲ, ಓಡ್ಮುಂಡ್,” ಎಂದಳು ನರ್ಸ್ ಮಾರಿತ್. ಒತ್ತಡ ಅಳೆಯಲು ಅವನ ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ಕೊಳವೆ ಸೇರಿಸಿ, ಔಷಧ ಹರಿಸುವ ಪಂಪಿನ ವೇಗ ಹೊಂದಿಸಿ, ಮಾನಿಟರ್ ಮೇಲೆ ಕಣ್ಣಿಟ್ಟು ನಿಂತಳು. ನಲವತ್ತು ನಿಮಿಷ ಅವಳು ಕದಲಲಿಲ್ಲ. ಗುನ್ವೋರ್ ಅದನ್ನು ಬರೆದುಕೊಂಡಳು.

ಅಷ್ಟರಲ್ಲಿ ಪಕ್ಕದ ಮಂಚದ ಮುದುಕಿಗೆ ಉಸಿರು ಕಟ್ಟಿತು. ಮಾರಿತ್ ಪರದೆ ಸರಿಸಿ ಅತ್ತ ಓಡಿದಳು.

ಮಾನಿಟರಿನಲ್ಲಿ ನೂರ ಎಂಬತ್ತು ಇತ್ತು. ನೋಡನೋಡುತ್ತ ನೂರ ಐವತ್ತಾಯಿತು, ನೂರ ಹದಿನೈದಾಯಿತು. ಇಷ್ಟು ಬೇಗ ಇಳಿದರೆ ಮಿದುಳಿಗೆ ರಕ್ತ ಸಾಲದೆಂದು ಗುನ್ವೋರ್ ಎಷ್ಟೋ ಸೂಚನಾಪತ್ರಗಳಲ್ಲಿ ತಾನೇ ಬರೆದಿದ್ದಳು. ಓಡ್ಮುಂಡ್ ಏನೋ ಹೇಳಲು ಹೋದ. ಮಾತು ತೊದಲಿತು. ಎಡಗೈ ಮಂಚದಿಂದ ಜಾರಿ ನೇತಾಡಿತು.

ಮಾನಿಟರ್ ಕೂಗತೊಡಗಿತು. ಪಂಪ್ ಮುಟ್ಟುವ ಅಧಿಕಾರ ಗುನ್ವೋರಳಿಗಿರಲಿಲ್ಲ. ಮುಟ್ಟಿ ಕೆಟ್ಟದಾದರೆ? ಮುಟ್ಟದೆ ಸತ್ತರೆ?

“ಮಾರಿತ್, ತೊಂಬತ್ತಕ್ಕೆ ಬಂತು. ಮಾತಾಡ್ತಿಲ್ಲ ಇವನು.”

“ಪಂಪ್ ನಿಲ್ಲಿಸು. ಕೆಂಪು ಗುಂಡಿ,” ಪರದೆಯಾಚೆಯಿಂದ ದನಿ ಬಂತು. “ತಲೆ ಕಡೆ ಮಂಚ ಇಳಿಸು. ನಾನು ಇವಳನ್ನ ಬಿಟ್ಟು ಬರೋ ಹಾಗಿಲ್ಲ.”

ಬೆರಳು ಮೊದಲು ಬೇರೆ ಗುಂಡಿಗೆ ತಾಗಿತು, ಆಮೇಲೆ ಸರಿಯಾದುದಕ್ಕೆ. ಮಂಚ ಇಳಿಸಿ, ಅವನ ತಣ್ಣನೆಯ ಕೈ ಹಿಡಿದು ನಿಂತಳು. ಅಂಕಿ ಅಲುಗಲಿಲ್ಲ. ಗಡಿಯಾರ ಯಾವಾಗ ನೆಲಕ್ಕೆ ಬಿತ್ತೋ ಗೊತ್ತಾಗಲಿಲ್ಲ.

ನಾಲ್ಕೈದು ನಿಮಿಷದಲ್ಲಿ ಒತ್ತಡ ಮೆಲ್ಲಗೆ ಏರಿತು. ಡಾಕ್ಟರು ಬಂದರು. ಓಡ್ಮುಂಡ್ ಕಣ್ಣು ಬಿಟ್ಟ. ಎಡಗೈಗೆ ಬಲ ಬಂದದ್ದು ಮಾತ್ರ ಸಂಜೆಗೆ. ಅಲ್ಲಿಯವರೆಗೆ ಅವನು ಒಂದೂ ತಮಾಷೆ ಮಾಡಲಿಲ್ಲ.

ಮರುದಿನ ಗುನ್ವೋರ್ ತನ್ನ ವಿಭಾಗದ ಮುಖ್ಯಸ್ಥನಿಗೆ ನಡೆದದ್ದೆಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

“ಒಬ್ಬನನ್ನ ನೋಡಿ ತೀರ್ಮಾನ ಮಾಡಕ್ಕಾಗಲ್ಲ, ಗುನ್ವೋರ್. ಹೊಸ ಔಷಧದಲ್ಲೂ ಹೀಗೇ ಆಗಬಹುದು. ನೀನು ನೋಡಬೇಕಾದ ರೋಗಿಗಳು ಇನ್ನೂ ಹನ್ನೊಂದು ಜನ ಇದ್ದಾರಲ್ಲ.”

ಅವನ ಮಾತು ತಪ್ಪೆನ್ನುವಂತಿರಲಿಲ್ಲ. ಅವಳು ಮತ್ತೆ ಮೇಲಿನ ಮಹಡಿಯ ನಿಗಾ ಘಟಕಕ್ಕೆ ಹೋದಳು. ಎರಡನೆಯ ರೋಗಿಗೆ ದುಬಾರಿ ಔಷಧ ಹಾಕಿದ್ದರು. ಕುರ್ಚಿ ಎಳೆದುಕೊಂಡವಳು ಮೊದಲು ಮಾರಿತ್‌ಳನ್ನು ಕರೆದು ಕೇಳಿದಳು:

“ಈ ಪಂಪ್ ನಿಲ್ಲಿಸೋದು ಹೇಗೆ ಅಂತ ಈಗಲೇ ತೋರಿಸಿಬಿಡು.”