ಒಂಟಿ ಸೀನು

ಹೈದರಾಬಾದಿನಿಂದ ಹೊರಡಬೇಕಿದ್ದ ವಿಮಾನದಲ್ಲಿ, ಇಳಿಯುವಾಗ ಉರಿಸುವ ಎರಡು ದೀಪಗಳ ಪೈಕಿ ಒಂದು ಕೆಟ್ಟಿತ್ತು. ಹಗಲಿನಲ್ಲಿ ಒಂದೇ ಸಾಕೆಂದು ನಿಯಮದ ಪುಸ್ತಕವೇ ಹೇಳುವಾಗ ತನ್ನದೇನು ತಕರಾರು? ಕ್ಯಾಪ್ಟನ್ ಬಸವಕಿರಣ ಸಹಿ ಹಾಕಿ, ಹೊರಡಲು ಸಿದ್ಧನಾದ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಸಹ ಪೈಲಟ್ ಶರ್ವರಿ, ಅದೇ ಊರಿನ ಉಪ್ಪಲ್ ಬಡಾವಣೆಯ ಕನ್ನಡ ಮನೆಯವಳು, ಒಮ್ಮೆ ಸೀನಿದಳು. ಒಂಟಿ ಸೀನಿಗೆ ಬಸವಕಿರಣನ ಮನೆಯಲ್ಲಿ ಯಾರೂ ಹೊಸ್ತಿಲು ದಾಟಿದವರಲ್ಲ. ಅವನು ನೀರು ಕುಡಿದು, ಕೈಕಟ್ಟಿ ಕೂತ.

"ಸರ್, ದೀಪ ಕೆಟ್ಟರೂ ಹೊಂಟಿದ್ರಿ. ಸೀನಿಗೆ ಯಾಕ್ರಿ ಕುಂತ್ರಿ?"

"ದೀಪದ್ದು ಪುಸ್ತಕದಾಗ ಐತಿ. ಸೀನಿಂದು ಎಲ್ಲೈತಿ, ತೋರಸವಾ."

ಶರ್ವರಿ ಇನ್ನೊಮ್ಮೆ ಸೀನಲು ಮೂಗು ತಿಕ್ಕಿ ನೋಡಿದಳು. ಬರಲಿಲ್ಲ.

ಬಸವಕಿರಣ ಮೈಕ್ ಎತ್ತಿಕೊಂಡು, ತಾಂತ್ರಿಕ ಕಾರಣದಿಂದ ತಡವಾಗುತ್ತಿದೆಯೆಂದು ಪ್ರಯಾಣಿಕರ ಕ್ಷಮೆ ಕೇಳಿದ.