ಹೊಟ್ಟೆಯೊಳಗಿನ ಭಂಡಾರ

ಮಕ್ತಲ್ ಸಂತೆಯಲ್ಲಿ ಎರಡು ಕುರಿಮರಿ ಮಾರಿದರೆ ಗದ್ವಾಲದ ಡಾಕ್ಟರು ಒಂದು ಸಲ ಹೊಟ್ಟೆಯೊಳಗೆ ಇಣುಕಿ ನೋಡುತ್ತಾರೆ. ಒಳಗಿಂದ ಕಿತ್ತು ತೆಗೆದ ತುಣುಕಿನ ಪರೀಕ್ಷೆಗೆ ಇನ್ನೊಂದು ಮರಿ. ಕುರುಬರ ಆಶಪ್ಪನ ಲೆಕ್ಕವೆಲ್ಲ ಕುರಿಯಲ್ಲೇ. ನಾರಾಯಣಪೇಟೆಯಲ್ಲಿ ವರ್ಷವಿಡೀ ನುಂಗಿದ ಗ್ಯಾಸಿನ ಗುಳಿಗೆಗಳನ್ನು ಅವನು ಇದಕ್ಕೆ ಸೇರಿಸಿರಲಿಲ್ಲ. ಅದು ಮುಳುಗಿದ ಬಾಬತ್ತು.

ಈಗ ಅವನು ಗದ್ವಾಲದ ಆಸ್ಪತ್ರೆಯಲ್ಲಿ ಎಡಮಗ್ಗುಲಾಗಿ ಮಲಗಿದ್ದ. ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆ, ಅದರೊಳಗಿಂದ ಗಂಟಲಿಗಿಳಿದ ಕರಿಯ ನಳಿಕೆ. ಬೇಲಿಗೆ ಕೊಂಬು ಸಿಕ್ಕ ಟಗರು ಒದರಲಾದರೂ ಒದರುತ್ತದೆ. ಇವನಿಗೆ ಅದೂ ಇಲ್ಲ. ಎದುರಿನ ಪರದೆಯ ಮೇಲೆ ಅವನ ಹೊಟ್ಟೆ ಕಾಣಿಸಿತು. ಎಲ್ಲ ಹಳದಿ.

“ಯಜಮಾನ್ರ, ಏನೂ ತಿನ್ನದ ಬರ್ರಿ ಅಂದಿದ್ನಲ್ಲ. ಇದೇನಿದು?” ಎಂದರು ಡಾಕ್ಟರ್ ಬಸವೇಶ್ವರಿ. ಅವರು ರಾಯಚೂರಿನವರು.

ಆಶಪ್ಪನ ಕಣ್ಣಲ್ಲಿ ನೀರಿಳಿಯಿತು. ಅದು ಭಂಡಾರ, ಮೈಲಾರ ದೇವರ ಅರಿಶಿನ, ಕೊಬ್ಬರಿಯೊಡನೆ ಕಲಸಿದ್ದು. ದೂರದ ದಾರಿ ಹಿಡಿಯುವವರ ಬಾಯಿಗೆ ಹೊಸ್ತಿಲಲ್ಲೇ ಒಂದು ಹಿಡಿ ಹಾಕಿ ಕಳಿಸುವುದು ಅವರ ಮನೆಯ ವಾಡಿಕೆ. ಅದನ್ನು ಊಟವೆಂದು ಅವನೂ ಎಣಿಸಿರಲಿಲ್ಲ, ಹಾಕಿದ ಹೆಂಡತಿ ಬುಗ್ಗಮ್ಮನೂ ಎಣಿಸಿರಲಿಲ್ಲ.

ನಳಿಕೆ ತೆಗೆದ ಮೇಲೆ ಡಾಕ್ಟರು ಬುಗ್ಗಮ್ಮನನ್ನು ಒಳಗೆ ಕರೆಸಿದರು.

“ಕೊಬ್ಬರಿ ಅಡ್ಡ ಬಂದು ಒಳಗಿಂದು ಏನೂ ಕಾಣ್ಲಿಲ್ಲವ್ವ. ಮುಂದಿನ ವಾರ ಬರ್ರಿ. ಭಂಡಾರ ಹಣೀಗೆ ಹಚ್ಚಿ ಕಳಸ್ರಿ.”

“ಹಣೀಗೆ ಹಚ್ಚಿದ್ರ ಸಿಂಗಾರ ರೀ. ಬಾಯಾಗ ಹಾಕಿದ್ರ ಮೈಲಾರಪ್ಪ ಸಂಗಾಟ ಬರ್ತಾನ.”

“ಬರ್ಲಿ. ಹೊರಗ ಬೆಂಚಿನ ಮ್ಯಾಲ ಕುಂದ್ರಲಿ.”

ಆ ವಾರ ಆಶಪ್ಪನಿಗೆ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತಿತ್ತು. ಭಂಡಾರ ಬಿಟ್ಟರೆ ದೇವರ ಮುನಿಸು, ತಿಂದರೆ ಹೊಟ್ಟೆ ಕಾಣದು. ಹೊರಡುವ ಬೆಳಿಗ್ಗೆ ಬುಗ್ಗಮ್ಮ ಹೊಸ್ತಿಲಿಗೆ ಅಡ್ಡ ನಿಂತಳು, ಕೈಯಲ್ಲಿ ಭಂಡಾರದ ಚೀಲ.

“ಹಾಕದಿದ್ರ ದಾರ್ಯಾಗ ಏನರ ಆದ್ರ?”

“ಹಾಕಿದ್ರ ಮತ್ತ ವಾಪಸ್ ಕಳಸ್ತಾರ. ಆ ನಳಿಕಿ ಸುಮ್ ಸುಮ್ನ ನುಂಗಾಕ ನನ್ನ ಕೈಲಿ ಆಗಂಗಿಲ್ಲ.”

ಅವಳು ಮುಂದೆ ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಆಗ ಹಿಡಿ ಭಂಡಾರವನ್ನು ತನ್ನ ಬಾಯಿಗೇ ಹಾಕಿಕೊಂಡಳು.

“ಹೊಟ್ಟಿ ನಿಂದು, ನ್ಯಾಮ ನಂದು. ನಡಿ.”

“ಮೈಲಾರಪ್ಪ ಒಪ್ತಾನೇನ?”

“ಅವಂಗೂ ಹೆಂಡ್ತಿ ಅದಾಳ. ತಿಳಕಂತಾನ.”

ಬಸ್ಸು ಜುರಾಲ ಅಣೆಕಟ್ಟು ದಾಟುವತನಕ ಅವಳು ಕೊಬ್ಬರಿ ಜಗಿಯುತ್ತಲೇ ಇದ್ದಳು.

ಈ ಸಲ ಪರದೆಯ ಮೇಲೆ ಎಲ್ಲ ಕಂಡಿತು. ಹೊಟ್ಟೆಯ ಒಳಗೋಡೆ ಗರಿ ಕಿತ್ತ ಕೋಳಿಯ ಚರ್ಮದಂತೆ ಗುಳ್ಳೆಗುಳ್ಳೆ, ಅಲ್ಲಲ್ಲಿ ಕೆಂಪು ಮಚ್ಚೆ, ದಪ್ಪಗೆ ಊದಿದ ಮಡಿಕೆ, ಒಂದೆಡೆ ಬಿಳಿಚಿದ ಹುಣ್ಣು. ಅಲ್ಲಿಂದ ತುಣುಕು ಕಿತ್ತರು. ಪರೀಕ್ಷೆಯ ಫಲ ಬಂದ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು.

“ಕಣ್ಣಿಗಿ ಕಾಣದ ಒಂದು ಕ್ರಿಮಿ ವರ್ಷಾನುಗಟ್ಟಲೆ ಒಳಗ ಕುಂತು ಕೆಡಿಸೈತಿ. ಅದರಿಂದ ಗಡ್ಡಿ ಎದ್ದೈತಿ, ಕ್ಯಾನ್ಸರ್ ಜಾತೀದು. ಇನ್ನಾ ಹೊಟ್ಟಿ ದಾಟಿಲ್ಲ. ಕ್ರಿಮಿ ಸತ್ರ ಬಾಳ ಮಂದಿಗೆ ಇದು ಕರಗತೈತಿ. ಅದು ಸಾಯಾಕ ಬರದು ಕೊಟ್ಟ ಗುಳಿಗಿ ಒಂದೂ ಬಿಡಬ್ಯಾಡ್ರಿ.”

ಆಶಪ್ಪ ಒಂದೂ ಬಿಡಲಿಲ್ಲ. ಬಾಯಿ ಕಬ್ಬಿಣ ನೆಕ್ಕಿದಂತಾದರೂ ನುಂಗಿದ. ಕೆಲವು ತಿಂಗಳ ಮೇಲೆ ಮತ್ತೆ ನೋಡಿದಾಗ ಕ್ರಿಮಿ ಇರಲಿಲ್ಲ. ಗಡ್ಡೆ ಕುಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಇನ್ನು ಕೆಲವು ವರ್ಷ ಆಗಾಗ ನಳಿಕೆ ನುಂಗುವುದು ತಪ್ಪದು.

ಅವನಿಗೆ ಹಸಿವು ಮರಳಿತು. ಮಂದೆಯ ಹಿಂದೆ ಹಗಲೆಲ್ಲ ನಡೆಯುವ ಬಲ ಮರಳಲಿಲ್ಲ.