ಬಾಡುವ ಮೆಂತ್ಯ, ಬಾಡದ ನಿಂಬೆ

ನಿಂಬೆಹಣ್ಣಿನ ವಾಸನೆ, ಈ ಹಸೀಬಾಗೇನು ಚಿಂತೆ, ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಆರಾಮಾಗಿ ಕೂತಿದ್ದಾಳೆ, ಇವತ್ತು ಮಾರದಿದ್ದರೆ ಮುಂದಿನ ಸಂತೆಗೆ ಮಾರುತ್ತಾಳೆ, ನಿಂಬೆ ಎಂಟು ದಿನ ತಡೆಯುತ್ತದೆ, ನನ್ನ ಮೆಂತ್ಯ ಪಲ್ಲೆಗೆ ಅಷ್ಟು ಆಯುಷ್ಯ ಎಲ್ಲಿಂದ ಬರಬೇಕು — ಹಸಿ ಗೋಣಿ ಹೊದಿಸಿ ಮೂರು ಸಲ ನೀರು ಚಿಮುಕಿಸಿದ್ದಾಯಿತು, ದಾರ ಕಟ್ಟಿದ ಸೂಡುಗಳು ಆಗಲೇ ತಲೆ ಬಗ್ಗಿಸಿವೆ, ಬುಟ್ಟಿಗೆ ಹತ್ತು ರೂಪಾಯಿ ಇದ್ದ ಜಕಾತಿಯನ್ನು ಹೊಸ ಗುತ್ತಿಗೆದಾರ ಮೂವತ್ತು ಮಾಡಿದ, ಕೊಡುವುದಿಲ್ಲ ಎಂದು ಸಂತೆಗೆ ಸಂತೆಯೇ ಕೂತಿದೆ, ಮಾರುವಂತಿಲ್ಲ, ಏಳುವಂತಿಲ್ಲ, ಇದು ಮೂರನೆಯ ವಾರ, ಮೊದಲೆರಡು ವಾರದ ಪಲ್ಲೆ ಆಡುಗಳ ಪಾಲಾಯಿತು, ಈ ಚಳವಳಿಯಿಂದ ಸುಖಪಟ್ಟವರು ನನ್ನ ಆಡುಗಳು ಮಾತ್ರ. ಸಾಲೆಯ ಲಲಿತಾ ಟೀಚರ್ ಬಂದು ಹೇಳಿದರು, ಬ್ರಿಟಿಷರು ಉಪ್ಪಿನ ಮೇಲೆ ಕರ ಹಾಕಿದಾಗ ಮಂದಿ ಲಾಠಿ ತಿಂದರೂ ಕೈ ಎತ್ತಲಿಲ್ಲವಂತೆ, ಕರ ಕೊಡಲಿಲ್ಲವಂತೆ, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಆದರೆ ಟೀಚರಮ್ಮ, ಉಪ್ಪು ಬಾಡುವುದಿಲ್ಲವಲ್ಲ. ಬಸ್ಸು ಹತ್ತಿ ಕುಕನೂರಿನ ಸಂತೆಗೆ ಹೋಗಿ ಮಾರಿಬಿಡಲೇ ಎಂದು ಬೆಳಿಗ್ಗೆ ಅನ್ನಿಸಿತ್ತು, ಮಡಿಯ ಕಡೆಯ ಪಲ್ಲೆ ಇದು, ಇದನ್ನು ಮಾರಿದರೇ ಮುಂದಿನ ಬೀಜ.

ಜಕಾತಿ ವಸೂಲಿಯ ಹುಚ್ಚೀರಪ್ಪ ಪಾವತಿ ಪುಸ್ತಕ ಹಿಡಿದು ಸುಳಿದಾಡುತ್ತಿದ್ದಾನೆ, ನೋಡಿದೆ, ಅವನೂ ನೋಡಿದ, ಈ ಹಾಳು ಕೈ ತಾನಾಗಿ ಎದ್ದು ಬಾ ಎಂದಿತು — ಬಂದೇಬಿಟ್ಟ, ಮುಂದೆ ಕುಕ್ಕರಗಾಲಲ್ಲಿ ಕೂತ, ಪಾವತಿ ಹರೀಲೇನು ಯವ್ವಾ, ಒಬ್ಬಾಕಿ ಕೊಟ್ರ ಎಲ್ಲಾರೂ ಕೊಡ್ತಾರ, ಸೆರಗಿನ ಗಂಟು ಬಿಚ್ಚುತ್ತಿದ್ದೇನೆ, ಸುತ್ತಲಿನವರು ಇತ್ತ ತಿರುಗಿದ್ದಾರೆ, ನಾಚಿಕೆಯಾಗುತ್ತಿದೆ, ಹಸೀಬಾ ನನ್ನನ್ನೇ ನೋಡುತ್ತಿದ್ದಾಳೆ, ಬೈದುಬಿಡಬಾರದೇ, ಬೈದರೆ ನಾನೂ ಬೈದು ಕೊಟ್ಟುಬಿಡುತ್ತಿದ್ದೆ, ಬೈಯಲಿಲ್ಲ, ಚಾಕು ತೆಗೆದಳು, ನೀರಿನ ಕೊಡ ಎಳೆದುಕೊಂಡು ಒಂದು ನಿಂಬೆ ಕೊಯ್ದು ಹಿಂಡಿದಳು, ಇನ್ನೊಂದು, ಮತ್ತೊಂದು, ಕೂತವರಿಗೆಲ್ಲ ಶರಬತ್ತಂತೆ, ಕೊಡಕ್ಕೆ ಸಾಕಾದ ಮೇಲೂ ಕೊಯ್ಯುತ್ತಲೇ ಇದ್ದಾಳೆ. ಸಾಕು ಬಿಡ ಹಸೀಬಾ, ಮಾಲು ಹಾಳಾಕ್ಕೈತಿ, ಎಂದೆ. ಆಗ್ಲಿ ಮಾಳವ್ವಕ್ಕಾ, ನಿನ್ನ ಪಲ್ಲೆ ಹಾಳಾಗೂವಾಗ ನನ್ನ ನಿಂಬಿ ಯಾಕ ಉಳೀಬೇಕು, ತಲೆಯನ್ನೂ ಎತ್ತಲಿಲ್ಲ. ಎಷ್ಟು ದಿನದಿಂದ ಇವಳನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ, ಅತ್ತ ಉಳ್ಳಾಗಡ್ಡಿ ಮಾರುವ ಪಂಪಣ್ಣ ತನ್ನ ಚೀಲದ ಬಾಯಿ ಬಿಚ್ಚುತ್ತಿದ್ದಾನೆ, ಯಾರೋ ಒಲೆಗೆ ಕಲ್ಲು ಹೂಡುತ್ತಿದ್ದಾರೆ, ಪಲ್ಲೆ ಕೊಡ ಮಾಳವ್ವಾ, ಎಲ್ಲಾರ ಊಟಕ್ಕ ಆಕ್ಕೈತಿ ಎನ್ನುತ್ತಾನೆ ಪಂಪಣ್ಣ, ಗಂಟು ಮತ್ತೆ ಬಿಗಿದೆ, ಹರೀಬ್ಯಾಡ ಹುಚ್ಚೀರಪ್ಪಾ, ನಾ ಕೊಡಂಗಿಲ್ಲ, ನನ್ನದೇ ಧ್ವನಿ, ಒಂದೊಂದೇ ಸೂಡಿನ ದಾರ ಬಿಚ್ಚುತ್ತಿದ್ದೇನೆ, ಖುಷಿಯಾಗುತ್ತಿದೆ, ಮುಂದಿನ ಸಂತೆಗೂ ಕೂಡುತ್ತೇವೆ, ಅದರ ಮುಂದಿನದಕ್ಕೂ, ಬೀಜಕ್ಕೆ ಏನಾದರೂ ಆಗುತ್ತದೆ, ಆದರೆ ಕಣ್ಣು ಅಲ್ಲಿಂದ ಕದಲುತ್ತಿಲ್ಲ — ಗೋಣಿಯ ಮೇಲೆ ಕೊಯ್ದ ನಿಂಬೆ, ಇನ್ನು ಯಾರೂ ಕೊಳ್ಳದ ಹೋಳುಗಳು, ಮತ್ತೆ ಚಾಕು, ಮತ್ತೊಂದು ನಿಂಬೆ